ಮೇಷ್ಟ್ರ ಅಂಗೈ ತೂಕ

ಮೇಷ್ಟ್ರ ಬಲ ಅಂಗೈ ಅಗಲವಾಗಿ, ನಡುವೆ ಸ್ವಲ್ಪ ಗುಳಿಬಿದ್ದಿತ್ತು. ಆ ಗುಳಿಯಲ್ಲಿ ಏನನ್ನಿಟ್ಟರೂ ಎರಡು ಸಲ ಮೇಲೆ ಕೆಳಗೆ ಆಡಿಸಿ ತೂಕ ಹೇಳುತ್ತಿದ್ದರು. ಗಾಂಧಿ ಬಜಾರಿನಲ್ಲಿ ಅವರೆಕಾಯಿ ಕೊಂಡರೆ ಚೀಲವನ್ನು ಅಂಗೈಮೇಲೆ ಕೂರಿಸಿ, "ಇನ್ನೊಂದು ಹಿಡಿ ಹಾಕಮ್ಮಾ, ಕಡಿಮೆ ಇದೆ" ಎನ್ನುವರು. ಮಾರುವಾಕೆ ಗೊಣಗುತ್ತಲೇ ಹಾಕುವಳು: "ಈ ಸ್ವಾಮಿ ಕೈನಾಗೇ ತೂಕದ್ ಕಲ್ಲೈತೆ!"

ತೊಂಬತ್ತರ ದಶಕದಲ್ಲಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ನಮಗೆ ಯಂತ್ರಗಳ ಚಲನೆಯ ಪಾಠ ಮಾಡುತ್ತಿದ್ದರು. ಹಳೆಯ ಲಗ್ನಪತ್ರಿಕೆಗಳನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಡ್ರಾಯಿಂಗ್ ಪಿನ್ನು ಚುಚ್ಚಿ, ಕ್ರ್ಯಾಂಕು ತಿರುಗಿದರೆ ಪಿಸ್ಟನ್ನು ಹೇಗೆ ಓಡಾಡುತ್ತದೆಂದು ತೋರಿಸುವರು. ಅರಿಶಿನ ಹಚ್ಚಿದ ಯಾರದೋ ಮುಹೂರ್ತ ಗಿರ್ರನೆ ತಿರುಗುವಾಗ ನಾವು ಕಿಸಕ್ಕೆಂದರೆ, "ನಗಿ, ಆದ್ರೆ ಯಾವ ಪಿನ್ನು ಅಲ್ಲಾಡ್ತಿಲ್ಲ ಅಂತ ನೋಡ್ಕೊಂಡು ನಗಿ" ಎನ್ನುವರು.

ನಲವತ್ತು ಹುಡುಗರ ನಡುವೆ ನಾನೊಬ್ಬಳೇ ಹುಡುಗಿ. ಹುಡುಗರು ತಪ್ಪು ಮಾಡಿದರೆ ಅದು ಬರೀ ತಪ್ಪು. ನಾನು ಮಾಡಿದರೆ, "ಹುಡ್ಗೀರಿಗೆ ಯಾಕ್ ಬೇಕಿತ್ತು ಮೆಕ್ಯಾನಿಕಲ್ಲು?" ಇದನ್ನು ನೆಪವಾಗಿ ಹೇಳುತ್ತಿಲ್ಲ. ಆದರೂ ಹೇಳುತ್ತಿದ್ದೇನೆ, ನೋಡಿ.

ಲ್ಯಾಬಿನಲ್ಲಿ ಒಂದು ಪ್ರಯೋಗವಿತ್ತು. ತಿರುಗುವ ಶಾಫ್ಟಿಗೆ ನಾಲ್ಕು ಕಬ್ಬಿಣದ ಬಿಲ್ಲೆ ಬಿಗಿದು, ಅದು ನಡುಗದಂತೆ ಹೊಂದಿಸಬೇಕು. ಆಮೇಲೆ ಒಂದೊಂದು ಬಿಲ್ಲೆಗೂ, ಅದರ ಮೇಲೆ ಕೊರೆದ ತೂಕಕ್ಕೂ ಅದು ಕೂತ ಕೋನಕ್ಕೂ ತಕ್ಕಂತೆ, ಹಾಳೆಯ ಮೇಲೆ ಒಂದೊಂದು ಗೆರೆ. ಕೊನೆಯ ಗೆರೆ ಮೊದಲನೆಯದು ಹೊರಟ ಜಾಗಕ್ಕೇ ಬಂದು ಸೇರಬೇಕು; ಕೊರೆದ ತೂಕ ಸುಳ್ಳಾಗಿದ್ದರೆ ಸೇರದು. ಅಂದು ಮೇಷ್ಟ್ರು ಮೂರನೆಯ ಬಿಲ್ಲೆಯನ್ನು ಅಂಗೈಯಲ್ಲಿ ಆಡಿಸಿ, "ಇದ್ಯಾಕೋ ಹಗುರ ಅನ್ಸುತ್ತೆ. ಮೇಲೆ ಕೊರೆದಿರೋ ತೂಕ ಇದರಲ್ಲಿಲ್ಲ. ನಿಮ್ಮ ಚಿತ್ರ ಏನು ಹೇಳುತ್ತೋ ನೋಡೋಣ" ಎಂದರು.

ನನ್ನ ಚಿತ್ರ ಕೊನೆಯಲ್ಲಿ ಸೇರದೆ ಅರ್ಧ ಬೆರಳಿನಷ್ಟು ಬಾಯಿ ಬಿಟ್ಟಿತ್ತು. ಉಳಿದವರ ಗೆರೆಗಳೆಲ್ಲ ಸೇರಿ, ನನ್ನದೊಂದೇ ಹೀಗಾಗಿದ್ದರೆ? ರಬ್ಬರು ತೆಗೆದೆ. ಎರಡು ಕೋನಗಳನ್ನು ಒಂಚೂರು ತಿದ್ದಿದೆ. ಬಾಯಿ ಮುಚ್ಚಿತು. ಎಲ್ಲರಿಗಿಂತ ಮೊದಲು ಒಯ್ದು ಕೊಟ್ಟೆ.

ಮೇಷ್ಟ್ರು ಹಾಳೆಯನ್ನು ಬಹಳ ಹೊತ್ತು ನೋಡಿದರು. ಬಿಲ್ಲೆಯನ್ನು ಮತ್ತೆ ಎತ್ತಿ ನೋಡಿದರು. "ಸರಿಯಾಗಿ ಕೂತಿದ್ಯಲ್ಲಮ್ಮಾ! ಹಾಗಾದ್ರೆ ಬಿಲ್ಲೆ ಸರಿಯಾಗೇ ಇದೆ. ನನ್ನ ಕೈಗೇ ವಯಸ್ಸಾಯ್ತು." ಬಾಯಿ ಬಿಟ್ಟ ಚಿತ್ರ ತಂದ ಹುಡುಗರನ್ನೆಲ್ಲ ಮತ್ತೆ ಮಾಡಿ ಎಂದು ವಾಪಸು ಕಳಿಸಿದರು. ಅವರೇನು ದಡ್ಡರೇ? ಸಂಜೆಯೊಳಗೆ ಎಲ್ಲರ ಚಿತ್ರವೂ ಮುಚ್ಚಿತು.

ಮುಂದಿನ ವಾರ ಆ ಬಿಲ್ಲೆಯನ್ನು ಕದ್ದು ಒಯ್ದು ಕೆಮಿಸ್ಟ್ರಿ ಲ್ಯಾಬಿನ ತಕ್ಕಡಿಯಲ್ಲಿಟ್ಟು ತೂಗಿದೆ. ಹಗುರವಾಗಿತ್ತು. ತಂದು ಅದೇ ಜಾಗದಲ್ಲಿಟ್ಟೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ಅಂದವರ ಮನೆ ಹಾಳು ಅನ್ನುತ್ತಾರೆ. ನನಗೇನೂ ಆಗಲಿಲ್ಲ, ಒಳ್ಳೆಯ ಅಂಕವೇ ಬಂತು.

ಓದು ಮುಗಿದ ಮೇಲೊಮ್ಮೆ ಗಾಂಧಿ ಬಜಾರಿನಲ್ಲಿ ಅವರನ್ನು ಕಂಡೆ. ಚೀಲವನ್ನು ಅಂಗೈಗೆ ಏರಿಸದೆ ಸುಮ್ಮನೆ ಹೊರಟಿದ್ದರು. "ಯಾಕ್ ಸ್ವಾಮಿ, ಈಚ್ಗೆ ತೂಗಿ ನೋಡಾಕೇ ಇಲ್ಲ?" ಎಂದಳು ಅವರೆಕಾಯಿ ಮಾರುವ ಅದೇ ಹೆಂಗಸು. "ನಿನ್ನ ತಕ್ಕಡಿ ಹೇಳಿದ್ದೇ ಸರಿ ಬಿಡಮ್ಮಾ" ಎಂದರು. ಪಕ್ಕದಲ್ಲೇ ಕೊತ್ತಂಬರಿ ಕಟ್ಟು ಹಿಡಿದು ನಿಂತಿದ್ದೆ. ಹೇಳಲು ಬಾಯಿ ತೆರೆದವಳು, "ಚೆನ್ನಾಗಿದೀರಾ ಸಾರ್?" ಎಂದಷ್ಟೇ ಕೇಳಿದೆ. ಆ ಹೇಡಿತನಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟು.

ಅವರು ಹೋದ ಸುದ್ದಿ ಬಂದದ್ದು ಕೆಲವು ವರ್ಷಗಳ ಮೇಲೆ, ಒಂದು ಚಳಿಗಾಲದಲ್ಲಿ. ವೈಕುಂಠ ಸಮಾರಾಧನೆಯ ದಿನ ಹನುಮಂತನಗರದ ಅವರ ಮನೆಗೆ ಹೋಗಿ, ಊಟವಾದ ಮೇಲೆ ಅವರ ಹೆಂಡತಿಯ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ರಬ್ಬರು, ಬಿಲ್ಲೆ, ಕೆಮಿಸ್ಟ್ರಿ ಲ್ಯಾಬು. "ಅವರ ಕೈ ತಪ್ಪಿರ್ಲಿಲ್ಲ ಅಮ್ಮಾ. ತಪ್ಪಿದ್ದು ನಾನು."

ಆಕೆ ಬೈಯಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಇದನ್ನ ಅವರಿಗೆ ಹೇಳ್ಬಿಟ್ಟಿದ್ರೆ, ಅವತ್ತೇ ಚೀಲ ತಗೊಂಡು ಅವರೆಕಾಯಿಗೆ ಓಡ್ತಿದ್ರಲ್ಲೇ" ಎಂದರು.