ಮನೆಯವರು ಎಂದರೆ ಯಾರು

ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರವೆಂಬ ಭೇದವಿಲ್ಲ. ಇದೊಂದು ಸೌಭಾಗ್ಯವೆಂದು ನನಗೆ ಹೊಳೆದದ್ದು ಈಚೆಗೆ. ಏಕೆಂದರೆ ನನ್ನ ಹೊಟ್ಟೆಪಾಡು ನಡೆಯುವುದೇ ಇಂಗ್ಲಿಷಿನ ದೊಡ್ಡಕ್ಷರಗಳಿಂದ. ವೈಟ್‌ಫೀಲ್ಡಿನ ಗಾಜಿನ ಕಟ್ಟಡವೊಂದರಲ್ಲಿ ಕೂತು ನಾನು ಹೂಡಿಕೆ ನಿಧಿಗಳಿಗೆ ಬ್ಯಾಂಕುಗಳು ಕೊಡುವ ಸಾಲದ ಕರಾರುಗಳನ್ನು ತಿದ್ದುತ್ತೇನೆ. ಅಲ್ಲಿ ದೊಡ್ಡಕ್ಷರ ಹೊತ್ತ ಪದಕ್ಕೆ ಲೋಕರೂಢಿಯ ಅರ್ಥವಿಲ್ಲ. ಮೊದಲ ಪುಟಗಳಲ್ಲಿ ಕೊಟ್ಟ ವ್ಯಾಖ್ಯೆಯೇ ಅದರ ಅರ್ಥ. ನಿಧಿಗೆ ಹಣ ಹಾಕುತ್ತೇನೆಂದು ಮಾತು ಕೊಟ್ಟವರೆಲ್ಲ ಹೂಡಿಕೆದಾರರೇ ಹೌದು, ಆದರೆ ಬ್ಯಾಂಕು ಗಣನೆಗೆ ತೆಗೆದುಕೊಳ್ಳುವುದು ‘ಅರ್ಹ ಹೂಡಿಕೆದಾರ’ ಎಂಬ ವ್ಯಾಖ್ಯೆಯೊಳಗೆ ಬಂದವರನ್ನು ಮಾತ್ರ. ಉಳಿದವರು ಇದ್ದೂ ಇಲ್ಲದವರು.

ಈ ಕಸುಬು ಮನುಷ್ಯರನ್ನು ಕೆಡಿಸುತ್ತದೆ, ಓದುಗರೇ. ಗಂಡ ಮಾರತ್ತಹಳ್ಳಿ ಸಿಗ್ನಲ್ಲಿನಿಂದ ಫೋನ್ ಮಾಡಿ ‘ಇನ್ನೇನು ಬಂದ್ಬಿಟ್ಟೆ’ ಎಂದರೆ ನಾನು ‘ಇನ್ನೇನು’ ಎಂಬುದಕ್ಕೆ ವ್ಯಾಖ್ಯೆ ಕೇಳುತ್ತೇನೆ. ಆ ಸಿಗ್ನಲ್ಲಿನಲ್ಲಿ ನಿಂತ ಯಾವ ಪಂಡಿತನೂ ಅದನ್ನು ಕೊಡಲಾರನೆಂದು ಗೊತ್ತಿದ್ದೂ ಕೇಳುತ್ತೇನೆ. ಉಪ್ಪು ‘ಹದವಾಗಿ’ ಹಾಕು ಎನ್ನುತ್ತಿದ್ದ ಅತ್ತೆಯವರು ಈಗ ನನಗೆ ಅಡುಗೆ ಹೇಳಿಕೊಡುವುದನ್ನೇ ಬಿಟ್ಟಿದ್ದಾರೆ.

ಕುಂದಲಹಳ್ಳಿಯ ನಮ್ಮ ಬಾಡಿಗೆ ಮನೆಯ ಮಾಲೀಕರು ಮುನಿರಾಜಣ್ಣ ಮತ್ತು ಅವರ ತಮ್ಮ ಕೃಷ್ಣಪ್ಪ, ಆ ಊರು ಇನ್ನೂ ಹಳ್ಳಿಯಾಗಿದ್ದ ಕಾಲದ ಬೇಸಾಯಗಾರರು. ಅವರ ತಂಗಿ ಜಯಮ್ಮ ಗಂಡ ತೀರಿಕೊಂಡ ಮೇಲೆ ತವರಿಗೆ ಮರಳಿದವರು. ಅಣ್ಣಂದಿರ ಮಕ್ಕಳನ್ನೆಲ್ಲ ಎತ್ತಿ ಆಡಿಸಿದವರು, ಇವತ್ತಿಗೂ ಎರಡು ಸಂಸಾರಕ್ಕೆ ಮುದ್ದೆ ಕಟ್ಟುವವರು, ಅವರೆಕಾಯಿ ಬಂದಾಗ ನನಗೂ ಒಂದು ಬಟ್ಟಲು ಸಾರು ಕಳಿಸುವವರು. ತಾವಿರುವ ಹಳೆಯ ಮನೆ ಕೆಡವಿ ಹಲವು ಅಂತಸ್ತಿನ ಕಟ್ಟಡ ಎಬ್ಬಿಸುವುದೆಂದೂ, ‘ಮನೆಯವರಿಗೆಲ್ಲ’ ಅದರಲ್ಲಿ ಶಾಶ್ವತವಾಗಿ ಇರಲು ಜಾಗವೆಂದೂ ಅಣ್ಣತಮ್ಮಂದಿರು ಒಪ್ಪಿಕೊಂಡರು. ವಕೀಲರ ಬಳಿ ಹೋಗುವ ಮೊದಲು ಒಪ್ಪಂದದ ಒಂದು ಕರಡು ಬರೆದುಕೊಡಿ ಎಂದು ಕಳೆದ ಭಾನುವಾರ ನನ್ನನ್ನು ಕರೆದರು. ನನ್ನ ವಿದ್ಯೆಗೆ ಕೊನೆಗೂ ಊರಿನಲ್ಲೊಂದು ಉಪಯೋಗ ಸಿಕ್ಕಿತೆಂದು ಉಬ್ಬಿಹೋದೆ. ಕಸುಬಿನ ಶಿಸ್ತಿನಂತೆ ವ್ಯಾಖ್ಯೆಯಿಂದಲೇ ಆರಂಭಿಸಿದೆ.

“ಮನೆಯವರು ಅಂದ್ರೆ ಯಾರ್ಯಾರು, ಹೇಳಿ.”

ಮುನಿರಾಜಣ್ಣ ತಮ್ಮ ಹೆಂಡತಿ ಮಕ್ಕಳ ಹೆಸರು ಹೇಳಿದರು. ಕೃಷ್ಣಪ್ಪನವರೂ ತಮ್ಮವರನ್ನು ಹೇಳಿ ಮುಗಿಸಿದರು. ಜಯಮ್ಮ ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ಜಯಮ್ಮನವರು?” ಎಂದೆ.

“ಅವ್ಳು ನಮ್ಮವ್ಳೇ ಅಲ್ವಾ ಮೇಡಂ, ಬರ್ಯೋದ್ಯಾಕೆ?” ಎಂದರು ಮುನಿರಾಜಣ್ಣ, ತಂಗಿಯ ಮುಖ ನೋಡದೆ.

“ಅದನ್ನ ಆಮೇಲ್ ನೋಡೋಣ,” ಎಂದು ಕೃಷ್ಣಪ್ಪ ಮೊಬೈಲಿಗೆ ತಲೆ ತಗ್ಗಿಸಿದರು.

ಬರೆಯದೆ ಬಿಟ್ಟವರ ಗತಿ ಏನಾಗುತ್ತದೆಂದು ಆ ಕೋಣೆಯಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರಿರಲಿಲ್ಲ. ಯಾರೂ ಅಳೆದು ನೋಡದ ‘ಮನೆಯವರು’ ಎಂಬ ಒಂದು ಮಾತಿನೊಳಗೆ ಇಷ್ಟು ವರ್ಷ ಜಯಮ್ಮ ನೆಮ್ಮದಿಯಾಗಿ ಬಾಳಿದ್ದರು. ಅದನ್ನು ಅಳೆಯಲು ಕೂತವಳು ನಾನು. ಅವರ ಹೆಸರನ್ನೂ ಸೇರಿಸುತ್ತೇನೆಂದು ಪೆನ್ನೆತ್ತಿದೆ. ಅಣ್ಣಂದಿರಿಬ್ಬರೂ ಹ್ಞೂಂ ಎನ್ನಲಿಲ್ಲ, ಬೇಡವೆಂದೂ ಹೇಳಲಿಲ್ಲ.

ಜಯಮ್ಮ ಒಳಗೆ ಬಂದು ನನ್ನ ಮುಂದೆ ಲೋಟ ಇಟ್ಟರು.

“ಬುಡಿ ಮೇಡಂ,” ಎಂದರು. “ನೀವು ಕೇಳೋಗಂಟ ನಾನೂ ಮನೆಯವ್ಳೇ ಆಗಿದ್ದೆ.”