ಹಲ್ಲಿನ ಗುರುತಿದ್ದ ಸ್ಕ್ರೂಡ್ರೈವರ್

ಇವತ್ತು ಬೆಳಿಗ್ಗೆ ಹಂಪಸಾಗರದ ಹೊಳೆದಂಡೆಯ ದಾರಿಯಲ್ಲಿ ನನ್ನ ಹಳೇ ಪಿಕಪ್ಪು ಮಿಸ್ಸಿಂಗ್ ಹೊಡೆಯತೊಡಗಿತು. ಓಡುತ್ತ ಓಡುತ್ತ ಉಸಿರು ತಪ್ಪಿದ ಹಾಗೆ ಇಂಜಿನ್ನು ಮುಗ್ಗರಿಸಿ, ಸ್ಟೇರಿಂಗು ಕೈಯಲ್ಲೇ ನಡುಗಿತು. ಬದಿಗೆ ನಿಲ್ಲಿಸಿ, ಕೈ ಒರೆಸುವ ಬಟ್ಟೆಗೆಂದು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ತಡಕಾಡಿದರೆ ಸಿಕ್ಕಿದ್ದು ಕಟ್ಟಿಗೆ ಹಿಡಿಯ ಉದ್ದನೆಯ ಸ್ಕ್ರೂಡ್ರೈವರ್. ಮೂಗಿನ ಹತ್ತಿರ ತಂದೆ. ಡೀಸೆಲ್ಲು, ಬೀಡಿ, ಮತ್ತೆ ಇನ್ನೇನೋ... ಇಷ್ಟು ವರ್ಷವಾದರೂ ವಾಸನೆ ಹೋಗಿಲ್ಲ. ಹಿಡಿಯ ತುದಿಯಲ್ಲಿ ಸಾಲಾಗಿ ಹಲ್ಲಿನ ಗುರುತುಗಳು.

ಅವು ಚಾಚಾನ ಹಲ್ಲುಗಳು. ಹಗರಿಬೊಮ್ಮನಹಳ್ಳಿಯ ರೈಲ್ವೆ ಸ್ಟೇಷನ್ನಿನ ಹಿಂದೆ, ಹೊಂಗೆ ಮರದ ಕೆಳಗೆ ಅವರ ಗ್ಯಾರೇಜಿತ್ತು. ಗ್ಯಾರೇಜೆಂದರೆ ನಾಲ್ಕು ತಗಡು, ಒಂದು ಬೆಂಚು, ಒಂದು ನೀರಿನ ಮಡಕೆ. ಊರಿನವರಿಗೆಲ್ಲ ಅವರು ಚಾಚಾ, ಅವರಿಗೆ ನಾನು ‘ಗಿಡದ ಬೇಟಿ’, ಗಿಡದ ಮಗಳು. ನಾನು ಸಸಿ ಮಾರುವವಳು. ಟೊಮ್ಯಾಟೊ, ಮೆಣಸಿನಕಾಯಿ ಸಸಿ ಬೆಳೆಸಿ, ಟ್ರೇಗಳಲ್ಲಿ ಜೋಡಿಸಿ, ನಾನೇ ಗಾಡಿ ಓಡಿಸಿಕೊಂಡು ಊರೂರಿಗೆ ಮುಟ್ಟಿಸುತ್ತೇನೆ. ಹೆಂಗಸು ಪಿಕಪ್ ಓಡಿಸುತ್ತಾಳೆಂದು ಬೇರೆ ಡ್ರೈವರುಗಳು ನಗುತ್ತಿದ್ದರು, ನನ್ನ ಬೆನ್ನ ಹಿಂದೆ. ಎದುರಿಗೆ ನಗುವ ಧೈರ್ಯ ಯಾರಿಗೂ ಇರಲಿಲ್ಲ, ನನ್ನ ಬಾಯಿ ಬೊಂಬಾಯಿ.

ಆ ಮಧ್ಯಾಹ್ನಗಳು ಈಗ ಕನಸಿನಲ್ಲಿ ಕಂಡಂತೆ ನೆನಪಿಗೆ ಬರುತ್ತವೆ. ತೆರೆದ ಬಾನೆಟ್ಟಿನ ಮೇಲೆ ಹೊಂಗೆ ಹೂವು ಉದುರುತ್ತಿತ್ತು. ಇಂಜಿನ್ನಿನ ನಡುಕಕ್ಕೆ ಆ ಹೂಗಳು ಕುಣಿಯುತ್ತ ಕುಣಿಯುತ್ತ ಅಂಚಿಗೆ ಸರಿದು, ಒಂದೊಂದಾಗಿ ಚಾಚಾನ ತಲೆಯ ಮೇಲೆ ಬೀಳುತ್ತಿದ್ದವು. ಅವರು ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ತುದಿಯನ್ನು ಇಂಜಿನ್ನಿಗೆ ತಾಗಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಟೇಲರ್ ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡಂತೆ ಅದೂ ಒಂದು ಅಭ್ಯಾಸ ಎಂದೇ ಎಲ್ಲರೂ ತಿಳಿದಿದ್ದರು.

ಒಂದು ದಿನ ಗೂಡ್ಸ್ ರೈಲು ಕೂಗಿದ ಕೂಗಿಗೆ ಮರದ ಹಕ್ಕಿಗಳೆಲ್ಲ ಎದ್ದು ಹಾರಿದವು. ನಾನು ಬೆಚ್ಚಿಬಿದ್ದೆ. ಹಳಿಗೆ ಬೆನ್ನು ಮಾಡಿ ಕೂತಿದ್ದ ಚಾಚಾ ಅಲುಗಲೂ ಇಲ್ಲ. ನಾನು ಎದುರಿಗೆ ಹೋಗಿ ಕೂತು, “ಚಾಚಾ, ನಿಮಗ ಕಿವಿ ಕೇಳಂಗಿಲ್ಲಲ್ರಿ?” ಅಂದೆ.

ಅವರು ನನ್ನ ತುಟಿಯನ್ನೇ ನೋಡಿದರು. “ಮೂರು ವರ್ಷಾತು ಬೇಟಿ. ಮನ್ಯಾಗಿನವರನ್ನ ಬಿಟ್ರ ನಿನಗಷ್ಟ ಗೊತ್ತಾಗಿದ್ದು. ಮೇಸ್ತ್ರಿ ಕಿವಿ ಹೋಗ್ಯಾವ ಅಂದ್ರ ಯಾರು ಗಾಡಿ ತರ್ತಾರ? ಬಾಯಿ ಬಿಡಬ್ಯಾಡ.”

ಬಾಯಿ ಬಿಡಬೇಡ ಎಂದು ನನಗೆ ಹೇಳಿದರು ನೋಡಿ, ಅದೂ ನನಗೆ...

ಅಂದಿನಿಂದ ನನ್ನ ಗಾಡಿ ರಿಪೇರಿಗೆ ಹೋದಾಗ ನಾನೇ ಅವರ ಕಿವಿ. ಇಂಜಿನ್ನು ಓಡುತ್ತಿರುವಾಗಲೇ, ಒಳಗೆ ಎಣ್ಣೆ ಚಿಮ್ಮಿಸುವ ನಾಲ್ಕು ನೋಜಲ್‌ಗಳಿಗೆ ಡೀಸೆಲ್ ಒಯ್ಯುವ ಪೈಪುಗಳ ನಟ್ಟನ್ನು ಅವರು ಒಂದೊಂದಾಗಿ ಸಡಿಲಿಸುತ್ತಿದ್ದರು. ಸರಿಯಾಗಿ ದುಡಿಯುವುದನ್ನು ಸಡಿಲಿಸಿದರೆ ಇಂಜಿನ್ನಿನ ದನಿ ಕುಗ್ಗುತ್ತದೆ, ನಾನು ತಲೆಯಾಡಿಸಬೇಕು. ಕುಗ್ಗದಿದ್ದರೆ ಕೈ ಅಲ್ಲಾಡಿಸಬೇಕು. “ತಗದ್ರೂ ಸಪ್ಪಳ ಬದಲಾಗಲಿಲ್ಲ ಅಂದ್ರ ಅದು ಕೆಲಸ ಮಾಡವಲ್ದು ಅಂತ ತಿಳ್ಕೊ” ಎನ್ನುತ್ತಿದ್ದರು. ನಾನು ಹೇಳಿದ ಮೇಲೂ ಒಮ್ಮೆ ಹಿಡಿ ಕಚ್ಚಿ ನೋಡುತ್ತಿದ್ದರು. ಅದು ಸಮಾಧಾನಕ್ಕೆ ಅಂದುಕೊಂಡಿದ್ದೆ.

ಮುಂದೊಂದು ದಿನ ತೆಲಿಗಿ ಊರಿಗೆ ಟೊಮ್ಯಾಟೊ ಸಸಿ ಹೊರಟಿತ್ತು. ಊರು ಬಿಡುವ ಮೊದಲೇ ಗಾಡಿ ಮಿಸ್ಸಿಂಗ್ ಹೊಡೆಯಿತು, ಸೀದಾ ಚಾಚಾನ ಹತ್ತಿರ ತಂದೆ. ನಾಲ್ಕೈದು ಡ್ರೈವರುಗಳು ತಮ್ಮ ಗಾಡಿ ಬಿಟ್ಟು ಬೆಂಚಿನ ಮೇಲೆ ಕೂತಿದ್ದರು. ಮೊದಲ ನಟ್ಟಿಗೆ ದನಿ ಕುಗ್ಗಿತು, ತಲೆಯಾಡಿಸಿದೆ. ಎರಡನೆಯದಕ್ಕೆ ಕೈ ಹಾಕುವಾಗ ತೆಲಿಗಿಯ ರೈತನ ಫೋನು ಬಂತು. “ಎಲ್ಲದೀಯವ್ವಾ? ಹೊತ್ತೇರಿದ್ರೂ ಆಳು ಸುಮ್ಮನ ಕುಂತಾರ” ಎಂದು ಆತ ಬಯ್ಯುತ್ತಿದ್ದ. ನಾನು ಆತನಿಗೆ ಉತ್ತರ ಕೊಡುತ್ತಲೇ ಇದ್ದೆ. ಚಾಚಾ ನನ್ನ ಮುಖ ನೋಡಿದರು. ಕೇಳಿಸಿಕೊಳ್ಳದೆಯೇ ಕೈ ಅಲ್ಲಾಡಿಸಿಬಿಟ್ಟೆ.

ಅವರು ಹಿಡಿ ಕಚ್ಚಿಕೊಂಡು ಎರಡನೆಯದರ ಮೇಲೆ ತುದಿ ಇಟ್ಟರು. ಆಮೇಲೆ ಮೂರನೆಯದರ ಮೇಲೆ, ಬಹಳ ಹೊತ್ತು. “ಇನ್ನೊಮ್ಮೆ ನೋಡೂಣೇನು ಬೇಟಿ?”

“ನನಗ ಕಿವಿ ಕೇಳ್ತಾವ್ರಿ ಚಾಚಾ” ಎಂದು ಮೆಲ್ಲಗೆ ಅಂದೆ. ಬೆಂಚಿನ ಮೇಲಿದ್ದವರು ನಮ್ಮನ್ನೇ ನೋಡುತ್ತಿದ್ದರು. ಚಾಚಾ ಒಮ್ಮೆ ಅವರ ಕಡೆ, ಒಮ್ಮೆ ನನ್ನ ಕಡೆ ನೋಡಿ, ಎರಡನೆಯ ನೋಜಲ್ಲನ್ನೇ ಬಿಚ್ಚಿದರು.

ಬೇರೆ ನೋಜಲ್ ಕೂಡಿಸಿ ಗಾಡಿ ಚಾಲೂ ಮಾಡಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಇಂಜಿನ್ನಿಗೆ ಅದೇ ಮುಗ್ಗರಿಕೆ. ಹಿಂದೆ ಟ್ರೇಗಳಲ್ಲಿ ನನ್ನ ಸಸಿಗಳು ಕುತ್ತಿಗೆ ಬಾಗಿಸಿ ಮಲಗಿದ್ದವು. ಬೆಂಚಿನ ಕಡೆಯಿಂದ ಯಾರೋ ಕಿಸಕ್ಕೆಂದರು. ನನ್ನ ತಲೆ ಕೆಟ್ಟಿತು. “ಕಿವುಡರ ಕೈಯಾಗ ಗಾಡಿ ಕೊಟ್ಟಿದ್ದು ನಂದ ತಪ್ಪು” ಎಂದು ಕೂಗಿಬಿಟ್ಟೆ.

ಬೆಂಚಿನ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಾಚಾ ನನ್ನ ತುಟಿ ನೋಡುತ್ತಲೇ ಇದ್ದರು, ಅವರಿಗೂ ಆ ಮಾತು ಮುಟ್ಟಿತು. ನೀನೇ ಎರಡನೆಯದು ಅಂದೆಯಲ್ಲ ಎಂದು ಅವರು ಒಂದು ಮಾತು ಅನ್ನಬಹುದಿತ್ತು. ಅದರ ಬದಲು ಮೂರನೆಯದನ್ನು ಬಿಚ್ಚಿ ಸರಿಮಾಡಿದರು, ಇಂಜಿನ್ನು ಹದಕ್ಕೆ ಬಂತು. ಮಡಕೆಯ ನೀರನ್ನು ತಂದು ನನ್ನ ಸಸಿಗಳಿಗೆ ಚಿಮುಕಿಸಿದರು. ನಾನು ಅವರ ಮುಖ ನೋಡದೆ ಗಾಡಿ ಹತ್ತಿದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಂದೊಂದೇ ಗಾಡಿ ಹೊಂಗೆ ಮರದ ಕಡೆ ಹೋಗುವುದು ನಿಂತಿತು. ಕೆಲವು ತಿಂಗಳಲ್ಲಿ ತಗಡು ಮುಚ್ಚಿ ಚಾಚಾ ಕೊಟ್ಟೂರಿನ ಮಗಳ ಮನೆಗೆ ಹೋದರಂತೆ. ಹೋಗಿ ಕಾಲು ಹಿಡಿದುಕೊಳ್ಳಬೇಕು ಅಂದುಕೊಂಡೆ. ಕೊಟ್ಟೂರೇನು ದೂರವೆ? ನಾಳೆ, ನಾಡಿದ್ದು... ಆಮೇಲೊಂದು ದಿನ ಅವರ ಮಗಳೇ ನನ್ನ ನರ್ಸರಿಗೆ ಬಂದಳು, ಕೈಯಲ್ಲಿ ಬಟ್ಟೆ ಸುತ್ತಿದ ಈ ಸ್ಕ್ರೂಡ್ರೈವರ್. “ನಮ್ಮ ಅಬ್ಬಾ ತೀರಿಕೊಂಡ್ರು ಅಕ್ಕಾ. ಇದನ್ನ ಗಿಡದ ಬೇಟಿಗಿ ಕೊಡು ಅಂದಿದ್ರು.”

ಅದನ್ನು ಖಾನೆಗೆ ಹಾಕಿದವಳು ಇವತ್ತಿನವರೆಗೆ ಮುಟ್ಟಿರಲಿಲ್ಲ. ನಾಚಿಕೆ. ಆದರೂ ನನ್ನ ಮನಸ್ಸಿಗೊಂದು ನೆಪ ಹೇಳಿಕೊಂಡಿದ್ದೆ. ನಾನು ಗಮನವಿಡದೆ ಹೇಳಿದ್ದು ನಿಜ, ಅವರಿಗೂ ಗೊತ್ತಾಗಲಿಲ್ಲವಲ್ಲ, ಅರ್ಧ ತಪ್ಪು ಅವರದ್ದೂ ಹೌದು ಎಂದು.

ಇವತ್ತು ಇಂಜಿನ್ನನ್ನು ಚಾಲೂ ಇಟ್ಟು, ಹಿಡಿಯನ್ನು ಕಚ್ಚಿಕೊಂಡೆ. ನನ್ನ ಹಲ್ಲು ಅವರ ಗುರುತಿನೊಳಗೇ ಕೂತಿತು. ತುದಿಯನ್ನು ಒಂದೊಂದೇ ನೋಜಲ್ಲಿಗೆ ತಾಗಿಸಿದೆ. ದಾರಿ, ಬಿಸಿಲು, ಹೊಳೆಯ ಗಾಳಿ ಎಲ್ಲ ಎಲ್ಲೋ ದೂರ ಹೋಗಿ, ತಲೆಯ ಎಲುಬಿನೊಳಗೆ ಇಂಜಿನ್ನು ಮಾತಾಡತೊಡಗಿತು. ಮೊದಲನೆಯದು ಟಕ್ ಟಕ್ ಎಂದು ಸ್ಪಷ್ಟ. ಎರಡನೆಯದೂ ಹಾಗೇ. ಮೂರನೆಯದರಲ್ಲಿ ಏನೂ ಇಲ್ಲ, ಬರೀ ಪೊಳ್ಳು. ಕೂಸಿಗೂ ಗೊತ್ತಾಗುವಷ್ಟು ಸ್ಪಷ್ಟ.

ಅವತ್ತು ಚಾಚಾನಿಗೆ ಗೊತ್ತಿತ್ತು. ಗೊತ್ತಿದ್ದೂ, ಬೆಂಚಿನ ಮೇಲೆ ಕೂತ ಗಂಡಸರ ಎದುರು ನನ್ನ ಮಾತು ಸುಳ್ಳಾಗಬಾರದೆಂದು ಎರಡನೆಯದನ್ನು ಬಿಚ್ಚಿದ್ದರು. ಅದೇ ಗಂಡಸರ ಎದುರು ನಾನು ಅವರನ್ನು ಕಿವುಡ ಅಂದೆ.

ಸ್ಕ್ರೂಡ್ರೈವರನ್ನು ಬಾಯಿಂದ ತೆಗೆದು, ಬಾನೆಟ್ಟಿನ ಆಚೆ ಬದಿಗೆ, ಅವರು ನಿಲ್ಲುತ್ತಿದ್ದ ಜಾಗಕ್ಕೆ ಮುಖ ಮಾಡಿದೆ. ಅಲ್ಲಿ ಯಾರೂ ಇರಲಿಲ್ಲ. ಆದರೂ ಅವರಿಗೆ ಕಾಣಲೆಂದು ತುಟಿಗಳನ್ನು ಬಿಡಿಸಿ ಬಿಡಿಸಿ ಹೇಳಿದೆ: “ಮೂರನೇದ್ದ ಐತ್ರಿ ಚಾಚಾ. ಅವತ್ತೂ ಮೂರನೇದ್ದ ಇತ್ತು.”