ಕೊನೆಯಿಂದ ಓದಿದ ಪತ್ರ

ಒಂದು ಪತ್ರವನ್ನು ಎರಡು ಸಲ ಅಕ್ಷರ ಬಿಡದೆ ಓದಿ, ಅದರಲ್ಲಿ ಇಪ್ಪತ್ತೆರಡು ತಪ್ಪು ಹುಡುಕಿ, ಏನು ಬರೆದಿದೆ ಅನ್ನುವುದು ಮಾತ್ರ ಗೊತ್ತಾಗದೆ ಇರಲು ಸಾಧ್ಯವೇ? ಸಾಧ್ಯ. ನಾನೇ ಸಾಕ್ಷಿ. ಇಂಥ ಬುದ್ಧಿವಂತಿಕೆ ಎಲ್ಲರಿಗೂ ಬರುವುದಿಲ್ಲ, ಅದಕ್ಕೆ ಹತ್ತು ವರ್ಷ ಪ್ರೂಫ್ ನೋಡಿರಬೇಕು.

2004ರ ಮಾತು. ರೆಡೊಂಡೊ ಬೀಚಿನಲ್ಲಿ ವಿಮಾನದ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ನಾನು ಪ್ರೂಫ್ ರೀಡರ್ ಆಗಿದ್ದೆ. ಯಾವ ಬೋಲ್ಟನ್ನು ಎಷ್ಟು ಬಿಗಿಯಬೇಕು, ಎಲ್ಲಿಗೆ ಯಾವ ಎಣ್ಣೆ ಹಾಕಬೇಕು ಎಂದು ಹೇಳುವ ದಪ್ಪ ದಪ್ಪ ಪುಸ್ತಕಗಳಲ್ಲಿ ತಪ್ಪು ಹೆಕ್ಕುವುದು ನನ್ನ ಹೊಟ್ಟೆಪಾಡು. ಕೆಲಸಕ್ಕೆ ಸೇರಿದ ಮೊದಲ ವಾರವೇ ಅಲ್ಲಿನ ಹಿರಿಯಳೊಬ್ಬಳು ಒಂದು ಪಾಠ ಹೇಳಿಕೊಟ್ಟಳು: ಪುಟವನ್ನು ಯಾವಾಗಲೂ ಕೊನೆಯ ಪದದಿಂದ ಮೊದಲ ಪದದ ಕಡೆಗೆ ಓದು. ಮುಂದಿನಿಂದ ಓದಿದರೆ ಅರ್ಥವಾಗುತ್ತದೆ, ಅರ್ಥವಾದರೆ ಕಣ್ಣು ಓಡುತ್ತದೆ, ಕಣ್ಣು ಓಡಿದರೆ ತಪ್ಪು ಕೈಗೆ ಸಿಗುವುದಿಲ್ಲ. ಮೊದಮೊದಲು ತಲೆ ತಿರುಗುತ್ತಿತ್ತು. ಆಮೇಲೆ ಎಷ್ಟು ರೂಢಿಯಾಯಿತೆಂದರೆ, ಹೋಟೆಲಿನ ಮೆನುವನ್ನೂ ಕೆಳಗಿನಿಂದಲೇ ಓದುತ್ತಿದ್ದೆ. "ಏನೇ, ಬಿಲ್ಲಿನಿಂದ ಶುರು ಮಾಡ್ತೀಯಾ ಊಟಾನ?" ಎಂದು ಗಂಡ ರೇಗಿಸುತ್ತಿದ್ದರು.

ಆಗ ನಮ್ಮ ಕಡೆಯ ಕನ್ನಡಿಗರದೊಂದು ಇಮೇಲ್ ಗುಂಪು ಇತ್ತು. ಲಾಸ್ ಏಂಜಲಿಸ್‌ನಿಂದ ಸ್ಯಾನ್ ಡಿಯಾಗೋವರೆಗೆ ಮುನ್ನೂರು ಚಿಲ್ಲರೆ ಮಂದಿ. ಅಪಾರ್ಟ್‌ಮೆಂಟ್ ಖಾಲಿ ಇದೆ, ಹಬ್ಬದೂಟಕ್ಕೆ ಕೋಸಂಬರಿ ಯಾರು ತರುತ್ತೀರಿ, ಅತ್ತೆ ಒಬ್ಬರೇ ಬರುತ್ತಿದ್ದಾರೆ ಅದೇ ವಿಮಾನದಲ್ಲಿ ಯಾರಾದರೂ ಇದ್ದೀರಾ, ಹೀಗೆ. ಎಲ್ಲವೂ ಇಂಗ್ಲಿಷಿನಲ್ಲಿ, ಇಲ್ಲವೇ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ. ಆ ಬರಹ ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಎಂಜಿನಿಯರಿಂಗ್ ಓದಿದವರು, ಡಾಕ್ಟರೇಟ್ ಮಾಡಿದವರು, ಇಂಗ್ಲಿಷಿನಲ್ಲಿ ಒಂದು ಕಾಮಾ ತಪ್ಪಿದರೆ ನಾಚಿ ಸಾಯುವವರು, ಕನ್ನಡಕ್ಕೆ ಬಂದರೆ ಎಮ್ಮೆ ನುಗ್ಗಿದ ಹೂತೋಟ! ಅಯ್ಯೋ ದೇವರೇ, ಇವರಿಗೆ ನಾಚಿಕೆಯಾದರೂ ಆಗುವುದಿಲ್ಲವೇ ಎಂದು ನಿಜಕ್ಕೂ ಗಾಬರಿಯಾಗುತ್ತಿತ್ತು. ಗುಂಪು ನೋಡಿಕೊಳ್ಳುವ ಮೂವರಲ್ಲಿ ನಾನೂ ಒಬ್ಬಳು. ನವೆಂಬರ್ ಬಂತು, ರಾಜ್ಯೋತ್ಸವ ಬಂತು, ನನ್ನ ಕನ್ನಡ ರಕ್ತ ಕುದಿಯಿತು. ಕನ್ನಡ ಅಕ್ಷರ ಟೈಪ್ ಮಾಡುವ ಉಚಿತ ಸಾಫ್ಟ್‌ವೇರ್ ಬಂದು ಸ್ವಲ್ಪ ದಿನವಾಗಿತ್ತು. ಈ ತಿಂಗಳು ಪೂರ್ತಿ ಎಲ್ಲರೂ ಕನ್ನಡ ಅಕ್ಷರದಲ್ಲೇ ಬರೆಯಬೇಕು, ತಪ್ಪು ಬರೆದರೆ ತಿದ್ದಲಾಗುವುದು ಎಂದು ನಾನೇ ಫರ್ಮಾನು ಹೊರಡಿಸಿದೆ.

ಅದಾದ ಮೊದಲ ಸೋಮವಾರ ಆ ಪತ್ರ ಬಂತು. ಬರೆದವನು ಸ್ಯಾನ್ ಪೀಡ್ರೊ ಬಂದರಿನ ಒಂದು ಶಿಪ್ಪಿಂಗ್ ಆಫೀಸಿನಲ್ಲಿದ್ದ ಮೈಸೂರಿನ ಮುಸ್ಲಿಂ ಯುವಕ. ನಾನು ಅವನನ್ನು ನೋಡಿರಲಿಲ್ಲ. ಅವನು ಕೇಳಿದ್ದು ಇಷ್ಟು: ಈ ವಾರ ಯಾರಾದರೂ ಬೆಂಗಳೂರಿಗೆ ಹೊರಟಿದ್ದರೆ ಬೆಂಕಿಪೊಟ್ಟಣದಷ್ಟು ಚಿಕ್ಕ ಡಬ್ಬಿಯೊಂದನ್ನು ಒಯ್ಯಬೇಕು. ಅದರಲ್ಲಿರುವುದು ಅವನ ತಂದೆಯ ಕಿವಿಯ ಮಿಷನ್. ಹಿಂದಿನ ವರ್ಷ ತಂದೆ ಇಲ್ಲಿಗೆ ಬಂದಾಗ ಕಿವಿಯ ಅಚ್ಚು ತೆಗೆಸಿ ಮಾಡಿಸಿದ್ದು, ಕೆಟ್ಟು ರಿಪೇರಿಗೆ ಬಂದಿತ್ತು, ಈಗ ಸರಿಯಾಗಿದೆ. ಬರುವ ಭಾನುವಾರ ಮೈಸೂರಿನಲ್ಲಿ ತಂಗಿಯ ನಿಕಾಹ್. ಅವಳು 'ಕಬೂಲ್' ಎಂದು ಒಪ್ಪಿಗೆ ಹೇಳುವುದನ್ನು ತನ್ನ ಕಿವಿಯಿಂದಲೇ ಕೇಳಬೇಕೆಂದು ತಂದೆಗೆ ಆಸೆ. ಗ್ರೀನ್ ಕಾರ್ಡಿನ ಕಾಗದಪತ್ರ ಅರ್ಧದಲ್ಲಿರುವುದರಿಂದ ಅವನು ದೇಶ ಬಿಟ್ಟು ಹೋಗುವ ಹಾಗಿಲ್ಲ.

ಇದೆಲ್ಲ ಈಗ ಹೇಳುತ್ತಿದ್ದೇನೆ. ಅವತ್ತು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಆಫೀಸಿನ ಮೇಜಿನ ಮೇಲೆ ಚಿತ್ರಾನ್ನದ ಡಬ್ಬಿ ತೆರೆದಿಟ್ಟುಕೊಂಡು ನಾನು ಕಂಡದ್ದು ಬರೀ ತಪ್ಪುಗಳನ್ನು. ಕೊನೆಯ ಪದದಿಂದ ಶುರು ಮಾಡಿ ಮೇಲಕ್ಕೆ ಹತ್ತಿದೆ. ಒತ್ತಕ್ಷರ ಬಿಟ್ಟಿದ್ದ, ದೀರ್ಘ ನುಂಗಿದ್ದ, ಲ ಇರಬೇಕಾದಲ್ಲಿ ಳ ಕೂರಿಸಿದ್ದ. ಇಪ್ಪತ್ತೆರಡಕ್ಕೂ ಕೆಂಪು ಬಳಿದೆ. ಬಿಟ್ಟುಹೋಗಿದೆಯೇನೋ ಎಂದು ಮತ್ತೊಮ್ಮೆ ಕೆಳಗಿನಿಂದ ಮೇಲಕ್ಕೆ ಓದಿದೆ. 'ತಿದ್ದಿದ್ದೇನೆ. ಸರಿಯಾಗಿ ಬರೆದು ಮತ್ತೆ ಕಳಿಸಿ. ಮಾತೃಭಾಷೆಯಲ್ಲದಿದ್ದರೂ ಅನ್ನ ಕೊಟ್ಟ ನೆಲದ ಭಾಷೆ' ಎಂದು ಮೇಲೊಂದು ಸಾಲು ಸೇರಿಸಿ ಮುನ್ನೂರು ಜನರಿಗೂ ಕಳಿಸಿದೆ. ಆ ಸಾಲು ನೆನೆಸಿಕೊಂಡರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಎರಡು ಬಿಗಿಯೋಣ ಅನ್ನಿಸುತ್ತದೆ.

ಇನ್ನೊಂದು ಹೇಳಬೇಕು. ಅದೇ ಗುರುವಾರ ನಾನು ಬೆಂಗಳೂರಿಗೆ ಹೊರಟಿದ್ದೆ. ಅಲ್ಲಿಂದ ಮೈಸೂರಿಗೆ, ಅಕ್ಕನ ಮನೆಯ ಗೃಹಪ್ರವೇಶಕ್ಕೆ. ಗುಂಪಿನಲ್ಲಿ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಊರಿಗೆ ಹೊರಟಿದ್ದೀನಿ ಅಂದರೆ ಸಾಕು, ಒಬ್ಬರು ವಿಟಮಿನ್ ಡಬ್ಬಿ ತರುತ್ತಾರೆ, ಇನ್ನೊಬ್ಬರು ಮೊಮ್ಮಗುವಿಗೆ ಡೈಪರ್ ತರುತ್ತಾರೆ, ಕೊನೆಗೆ ನಮ್ಮ ಸೀರೆಗೇ ಸೂಟ್‌ಕೇಸಿನಲ್ಲಿ ಜಾಗ ಇರುವುದಿಲ್ಲ. ಇದು ಇಲ್ಲಿ ಎಲ್ಲರೂ ಮಾಡುವ ಕಳ್ಳಾಟವೇ.

ಪತ್ರ ಕಳಿಸಿದ್ದೇ ಗುಂಪಿಗೆ ಬೆಂಕಿ ಬಿತ್ತು. ಮೂರು ದಿನದಲ್ಲಿ ನಲವತ್ತು ಮೇಲ್. ಸ್ಯಾನ್ ಡಿಯಾಗೋದ ಹಿರಿಯರೊಬ್ಬರು, ನಾವೆಲ್ಲ ಅಂಕಲ್ ಅನ್ನುತ್ತಿದ್ದವರು, ಭಾಷೆ ಕೆಟ್ಟರೆ ಸಂಸ್ಕೃತಿ ಕೆಟ್ಟಂತೆ ಎಂದು ಮೂರು ಪುಟ ಬರೆದು ನನ್ನನ್ನು ಹೊಗಳಿದರು. ನಾನು ಉಬ್ಬಿದೆ. ಧಾರವಾಡದ ಕಡೆಯವರೊಬ್ಬರು, "ಅಲ್ರೀ ಮೇಡಂ, ನಾವು ಮಾತಾಡಿಧಂಗ ಬರಿಯೋರು. ನಮಗೂ ಕೆಂಪು ಬಳಿತೀರೇನು? ಬಳೀರಿ ನೋಡೋಣ" ಎಂದು ಕಾಲು ಕೆರೆದರು. ಒಬ್ಬಾಕೆಗೆ ನನ್ನ ಮೇಲೆ ಎಂಥ ಸಿಟ್ಟೆಂದರೆ, ಇಷ್ಟೆಲ್ಲ ಓದಿದವಳಿಗೆ ಮರ್ಯಾದೆ ಕಲಿಸಲು ಯಾರೂ ಸಿಗಲಿಲ್ಲವೇ ಎಂದು ನೇರವಾಗಿ ಕೇಳಿದಳು. ಅವಳ ಮೇಲ್ ಅನ್ನೂ ಕೊನೆಯಿಂದ ಓದಿ ಆರು ತಪ್ಪು ಹುಡುಕಿ ಕಳಿಸಿದೆ. ಪೊಮೊನಾದಲ್ಲಿ ಎಂ.ಎಸ್. ಓದುತ್ತಿದ್ದ ಹುಡುಗಿ ಮಾತ್ರ ನನಗೊಬ್ಬಳಿಗೇ ಒಂದು ಸಾಲು ಬರೆದಿದ್ದಳು: "ಆಂಟಿ, ಅವ್ರು ಕೇಳಿದ್ದಕ್ಕೆ ಯಾರೂ ಉತ್ತರಾನೇ ಕೊಡ್ಲಿಲ್ವಲ್ಲ?" ತಪ್ಪಿಲ್ಲದ ಸಾಲು, ಹಾಗಾಗಿ ನನಗೆ ಅದರಲ್ಲಿ ಮಾಡಲು ಕೆಲಸವೇ ಇರಲಿಲ್ಲ. ಸೂಟ್‌ಕೇಸ್ ತುಂಬುತ್ತಾ ಕುಳಿತೆ.

ಗುರುವಾರ ಹೊರಟೆ. ಮೈಸೂರಿನಲ್ಲಿ ಅಕ್ಕನ ಮನೆಯ ಹಾಲು ಉಕ್ಕಿತು. ಭಾನುವಾರ ಬೆಳಿಗ್ಗೆ ದೇವರಾಜ ಮಾರುಕಟ್ಟೆಯಲ್ಲಿ ರಸಬಾಳೆ ಕೊಂಡೆ, ಅಂಗಡಿಯ ಬೋರ್ಡೊಂದರಲ್ಲಿ ಎರಡು ಕಾಗುಣಿತದ ತಪ್ಪಿತ್ತು, ಅಂಗಡಿಯವನಿಗೆ ಹೇಳಿ ಬೈಸಿಕೊಂಡೆ. ಸುಖವಾಗಿದ್ದೆ.

ವಾಪಸ್ ಬಂದು ಎರಡು ವಾರಕ್ಕೆ, ಒಂದು ಶನಿವಾರ ಮಧ್ಯಾಹ್ನ ಎಂಟು ಹತ್ತು ಜನ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಬಿಸಿಬೇಳೆಬಾತ್ ಆದ ಮೇಲೆ ಮಾತು ಆ ಜಗಳದ ಕಡೆ ತಿರುಗಿತು. "ಅದೇನು ಅಂಥಾ ಮೇಲ್, ನಾನು ನೋಡ್ಲೇ ಇಲ್ಲ. ಓದಿ, ನಗೋಣ" ಎಂದರು ಒಬ್ಬರು. ನನಗೂ ಬೇಕಾಗಿದ್ದು ಅದೇ. ಪ್ರಿಂಟ್ ತೆಗೆದು ತಂದೆ. ಯಾವ ಪದವನ್ನು ಹೇಗೆ ಬರೆದಿದ್ದಾನೋ ಹಾಗೆಯೇ ಉಚ್ಚರಿಸಿ ನಗಿಸಬೇಕೆಂದು ಗಂಟಲು ಸರಿ ಮಾಡಿಕೊಂಡೆ. ಜನರ ಮುಂದೆ ಗಟ್ಟಿಯಾಗಿ ಓದುವಾಗ ಯಾರೂ ಕೊನೆಯಿಂದ ಓದುವುದಿಲ್ಲ.

ಮೊದಲ ಸಾಲಿಗೆ ಎಲ್ಲರೂ ನಕ್ಕರು. ಎರಡನೆಯ ಸಾಲಿಗೆ ಅರ್ಧ ಜನ ನಕ್ಕರು. ಮೂರನೆಯ ಸಾಲಿನಲ್ಲಿ ತಂದೆ ಬಂದರು, ಕಿವಿ ಬಂತು. ನನ್ನ ಬಾಯಿ ಓದುತ್ತಲೇ ಇತ್ತು, ಅದು ಏನು ಹೇಳುತ್ತಿದೆ ಎಂದು ನಾನು ಬೇರೆ ಯಾರೋ ಓದಿದ್ದನ್ನು ಕೇಳಿದಂತೆ ಕೇಳುತ್ತಿದ್ದೆ. ತಂಗಿ. ನಿಕಾಹ್. ಬರುವ ಭಾನುವಾರ. ಗುರುವಾರವೋ ಶುಕ್ರವಾರವೋ ಹೊರಡುವವರಿದ್ದರೆ ನಾನೇ ಏರ್‌ಪೋರ್ಟಿಗೆ ಬಂದು ಕೊಡುತ್ತೇನೆ, ನಿಮ್ಮ ಉಪಕಾರ ಮರೆಯುವುದಿಲ್ಲ. ಯಾರೂ ನಗುತ್ತಿರಲಿಲ್ಲ. ಸೋಫಾದ ತುದಿಯಲ್ಲಿದ್ದ ನನ್ನ ಗಂಡ, ಆ ಗುಂಪಿನ ಗಲಾಟೆಗೆ ಎಂದೂ ತಲೆ ಹಾಕದವರು, ಏನೂ ಗೊತ್ತಿಲ್ಲದೆ ಕೇಳಿದರು: "ಆ ಗುರುವಾರ ನೀನೇ ಅಲ್ವೇನೇ ಹೋಗಿದ್ದು?"

ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಹೀಗೂ ಆಗುತ್ತದೆಯೇ? ನಾನು ಕುರುಡಿಯಲ್ಲ, ಓದು ಬಾರದವಳಲ್ಲ. ಒಂದೊಂದು ಅಕ್ಷರವನ್ನೂ ಮುಟ್ಟಿ ಮುಟ್ಟಿ ನೋಡಿದ್ದೇನೆ. ಅವನು ನನ್ನನ್ನೇ ಕರೆದ ಹಾಗೆ ಬರೆದಿದ್ದಾನೆ, ನಾನು ಕರೆದ ದನಿಯಲ್ಲಿ ಒತ್ತಕ್ಷರ ಹುಡುಕಿದ್ದೇನೆ. ಗೆಳತಿಯೊಬ್ಬಳು ಹಿಂದೆಯೇ ಬಂದು, "ಬಿಡೇ, ಬೇರೆ ಯಾರಾದ್ರೂ ತಗೊಂಡು ಹೋಗಿರ್ತಾರೆ" ಎಂದು ಬೆನ್ನು ಸವರಿದಳು. ಮುನ್ನೂರು ಜನರೂ ಹಾಗೆಯೇ ಅಂದುಕೊಂಡಿದ್ದರು ಅನ್ನುವುದು ನನಗೆ ಆಗಲೇ ಹೊಳೆಯಿತು.

ಸೋಮವಾರ ಅವನಿಗೆ ಫೋನ್ ಮಾಡಿ, ಮಾರನೆಯ ದಿನ ರಜೆ ಹಾಕಿ ಸ್ಯಾನ್ ಪೀಡ್ರೊಗೆ ಡ್ರೈವ್ ಮಾಡಿಕೊಂಡು ಹೋದೆ. ದಾರಿಯುದ್ದಕ್ಕೂ ಕ್ಷಮೆಯ ಮಾತು ಜೋಡಿಸಿಕೊಂಡು ಹೋಗಿದ್ದೆ, ಅವನನ್ನು ಕಂಡೊಡನೆ ಒಂದೂ ನೆನಪಿಗೆ ಬರಲಿಲ್ಲ. ಮೂವತ್ತು ದಾಟಿರಬೇಕು, ಸಣ್ಣಗಿದ್ದ. ಆಫೀಸಿನ ಹೊರಗೆ ಒಂದು ಬೆಂಚಿನ ಮೇಲೆ ಕರ್ಚೀಫಿನಿಂದ ಧೂಳು ಒರೆಸಿ ನನಗೆ ಜಾಗ ಮಾಡಿಕೊಟ್ಟು, ಪೇಪರ್ ಕಪ್ಪಿನಲ್ಲಿ ಟೀ ತಂದ.

"ಇದಕ್ಕೋಸ್ಕರ ಇಲ್ಲೀವರೆಗೂ ಬರೋ ಅಗತ್ಯ ಇರ್ಲಿಲ್ಲ ಮೇಡಂ. ನೀವು ತಿದ್ದಿದ್ದು ಸರಿಯಾಗೇ ಇತ್ತು" ಎಂದ. ಎಂಥ ಕನ್ನಡ ಅವನದು! ಮೈಸೂರಿನ ಆ ನಿಧಾನ, ಆ ನಯ. ನನ್ನ ಬಾಯಲ್ಲಿ ಬೆಂಗಳೂರಿನ ಅರ್ಧ ಇಂಗ್ಲಿಷೇ ತುಂಬಿಕೊಂಡಿತ್ತು.

"ಇಂಗ್ಲಿಷಲ್ಲೇ ಬರೆದುಬಿಡಬಹುದಿತ್ತಲ್ಲಪ್ಪ" ಎಂದೆ. ನನ್ನ ದನಿ ನನಗೇ ಅಸಹ್ಯವಾಯಿತು.

"ಇಂಗ್ಲಿಷಾದ್ರೆ ಎರಡು ನಿಮಿಷದ ಕೆಲಸ. ಕನ್ನಡದಲ್ಲೇ ಬರೀಬೇಕು ಅಂತ ನಿಮ್ಮ ರೂಲ್ ಇತ್ತಲ್ಲ ಮೇಡಂ. ಆ ಸಾಫ್ಟ್‌ವೇರಲ್ಲಿ ಶಿಫ್ಟ್ ಒತ್ತಿದ್ರೆ ಒಂದಕ್ಷರ, ಬಿಟ್ರೆ ಇನ್ನೊಂದು. ಭಾನುವಾರ ಪೂರ್ತಿ ಕೂತು ಟೈಪ್ ಮಾಡ್ದೆ."

"ತಿದ್ದಿದ್ದನ್ನ ಮತ್ತೆ ಯಾಕೆ ಕಳಿಸ್ಲಿಲ್ಲ?"

ಅವನು ಟೀ ಕಪ್ಪನ್ನು ಕೈಯಲ್ಲೇ ತಿರುಗಿಸಿದ. "ಮತ್ತೆ ಬರೆದ್ರೆ ಮತ್ತೆ ತಪ್ಪಾಗುತ್ತೆ. ಆ ಕಡೆ ಅಷ್ಟೊಂದು ಜನ ಜಗಳ ಆಡ್ತಾ ಇದ್ರು. ಅದರ ಮಧ್ಯೆ ಹೋಗಿ ಕಿವಿ ಮಿಷನ್ ಅಂತ ಕೇಳೋಕೆ ನಾಚಿಕೆ ಆಯ್ತು. ಕೊರಿಯರ್ ಮಾಡ್ದೆ. ಚೆನ್ನೈ ಕಸ್ಟಮ್ಸಲ್ಲಿ ಸಿಕ್ಕಾಕೊಳ್ತು. ಅದು ಮನೆ ಮುಟ್ಟೋ ಹೊತ್ತಿಗೆ ತಂಗಿ ಗಂಡನ ಮನೆಗೆ ಹೊರಟುಹೋಗಿದ್ಲು."

ನಾನೇ ಆ ಗುರುವಾರ ಹೋಗಿದ್ದೆ, ಮೈಸೂರಿನಲ್ಲೇ ಇದ್ದೆ ಎಂದು ಹೇಳಿದೆ. ಹೇಳದೆ ಇರಬಹುದಿತ್ತು, ಆದರೆ ಹೇಳಿದೆ. ಅವನು ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಬಂದರಿನ ಕ್ರೇನುಗಳ ಕಡೆಗೆ ಮುಖ ತಿರುಗಿಸಿಕೊಂಡ. ನನಗೆ ಕಣ್ಣೀರು ಬಂತು, ತಡೆಯಲಾಗಲಿಲ್ಲ.

"ನಿಕಾಹ್ ಹೊತ್ತಿಗೆ ನಮ್ಮ ತಮ್ಮ ಮೊಬೈಲ್ ಹಿಡ್ಕೊಂಡಿದ್ದ ಮೇಡಂ, ನನಗೆ ಕೇಳಿಸ್ಲಿ ಅಂತ" ಎಂದ. "ಅಲ್ಲಿ ರಾತ್ರಿ, ಇಲ್ಲಿ ಬೆಳಿಗ್ಗೆ. ನಾನು ಅಡುಗೆಮನೇಲಿ ನಿಂತಿದ್ದೆ. ಅವಳು ಕಬೂಲ್ ಅಂದಿದ್ದು ನನಗೆ ಚೆನ್ನಾಗಿ ಕೇಳಿಸ್ತು. ಅಪ್ಪ ಅವಳ ಪಕ್ಕದಲ್ಲೇ ಕೂತಿದ್ರು. ಆಮೇಲೆ ಫೋನ್ ಇಸ್ಕೊಂಡು ನನ್ನ ಕೇಳಿದ್ರು, ಏನಂದ್ಲೋ ಅಂತ."

"ನೀವು ಹೇಳಿದ್ರಾ?"

"ಹೇಳ್ದೆ. ಪಕ್ಕದ ಮನೆಯವರು ಬಂದು ಬಾಗಿಲು ತಟ್ಟೋ ಅಷ್ಟು ಜೋರಾಗಿ ಕಿರುಚಿ ಹೇಳ್ದೆ. ಅವರು ಕೇಳ್ತಾನೇ ಇದ್ರು ಮೇಡಂ, ಏನಂದ್ಲೋ, ಏನಂದ್ಲೋ ಅಂತ."